ಅಪ್ಪನ ಕಾಗದದ ಕೊನೆಯ ಸಾಲು

ಫೆಬ್ರವರಿ 24

ಬೆಳಿಗ್ಗೆಯಿಂದ ಮೂರು ಪೆಟ್ರೋಲ್ ಬಂಕ್. ಎರಡು ಸರಿ ಇದ್ದವು. ಮೂರನೆಯದರಲ್ಲಿ ಐದು ಲೀಟರಿಗೆ ನಲವತ್ತು ಮಿಲಿ ಕಡಿಮೆ. ಮ್ಯಾನೇಜರ್ ಬಿಸಿಲನ್ನು ದೂರಿದ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ ಸ್ವಾಮಿ, ಕುಗ್ಗುವುದಿಲ್ಲ ಎಂದೆ. ಆಮೇಲೆ ಮೆಷಿನ್ ಹಳೆಯದು ಎಂದ. ಆಮೇಲೆ ನೀವು ತುಂಬಾ ಸ್ಟ್ರಿಕ್ಟು ಮೇಡಂ ಎಂದ. ಪಂಪ್ ನಿಲ್ಲಿಸಿ, ಸೀಲ್ ಹಾಕಿ ಬಂದೆ.

ಅಳತೆಯ ಡಬ್ಬಿ ತುಂಬುತ್ತಿರುವಾಗಲೇ ರಿಜಿಸ್ಟರಿನಲ್ಲಿ ಗೀಚುತ್ತಾ ನಿಂತಿದ್ದೆ. ಅಪ್ಪ ನೋಡಿದ್ದರೆ ಗ್ರಹಚಾರ ಬಿಡಿಸುತ್ತಿದ್ದರು. ಇದೇ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ ಮನುಷ್ಯ. ನಾನು ಕೆಲಸಕ್ಕೆ ಸೇರಿದ ದಿನ ಹೇಳಿಕೊಟ್ಟದ್ದು ಒಂದೇ ಪಾಠ. ಮೊದಲು ಪೆನ್ನು ಕೆಳಗಿಡು. ತಕ್ಕಡಿಯ ಮುಳ್ಳು ನಿಲ್ಲಲಿ. ನೋಡು. ಆಮೇಲೆ ಬರಿ. ಇಪ್ಪತ್ತೆರಡು ವರ್ಷದಿಂದ ಬರೆಯುತ್ತಲೇ ನೋಡುತ್ತಿದ್ದೇನೆ. ಒಂದು ತಪ್ಪೂ ಆಗಿಲ್ಲ. ಆಗಿದ್ದರೆ ಗೊತ್ತಾಗಿಲ್ಲ.

ಮಧ್ಯಾಹ್ನ ಅಪ್ಪನ ಫೋನ್. ಯಾವುದೋ ಕಾಗದಕ್ಕೆ ನನ್ನ ಸಹಿ ಬೇಕಂತೆ, ಈ ವಾರದೊಳಗೆ ಬರಬೇಕಂತೆ. ಪೆನ್ಶನ್ನಿನದು ಇರಬೇಕು. ಮುಂದಿನ ವಾರ ಬರುತ್ತೇನೆ, ಕಾಗದಕ್ಕೇನು ಕಾಲಿದೆಯಾ ಎಂದೆ. ನಕ್ಕರು. ಎಂಬತ್ತೊಂದು ವಯಸ್ಸಿಗೆ ಏನು ಗಡಿಬಿಡಿಯೋ.

ಫೆಬ್ರವರಿ 27

ಮಾರುಕಟ್ಟೆಯಲ್ಲಿ ತಪಾಸಣೆ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅಪ್ಪ ಎರಡು ಸಲ ಫೋನ್ ಮಾಡಿದ್ದರು, ತೆಗೆಯಲಾಗಲಿಲ್ಲ. ಸಂಜೆ ನಾನೇ ಮಾಡಿದೆ. "ಬೇಡ ಬಿಡು, ನಾನೇ ಏನಾದ್ರೂ ನೋಡ್ತೀನಿ" ಅಂದರು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಚಪ್ಪಲಿ ಹೊಲಿಸಬೇಕು.

ಮಾರ್ಚ್ 11, ಸಂಜೆ 5

ಆಸ್ಪತ್ರೆ. ಅಪ್ಪ ಲೈಬ್ರರಿಯಲ್ಲಿ ಬಿದ್ದರು. ಪೇಪರ್ ಓದುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಲೈಬ್ರರಿಯವರೇ ಆಂಬುಲೆನ್ಸ್ ಕರೆಸಿದ್ದಾರೆ. ತಲೆಯೊಳಗೆ ರಕ್ತಸ್ರಾವ. ನಾನು ಬರುವಷ್ಟರಲ್ಲಿ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್ ಹಾಕಿಯಾಗಿತ್ತು. ಯಾರನ್ನೂ ಕೇಳಿಲ್ಲ. ಕೇಳಲು ಯಾರೂ ಇರಲಿಲ್ಲ ಅನ್ನುವುದೂ ನಿಜ.

ಅವರ ಕನ್ನಡಕ ನನ್ನ ಬ್ಯಾಗಿನಲ್ಲಿದೆ. ಎಡಗಡೆ ಗಾಜು ಬಿರುಕು ಬಿಟ್ಟಿದೆ. ತಮ್ಮನಿಗೆ ಫೋನ್ ಮಾಡಿದೆ. "ಬರ್ತೀನಿ" ಅಂದ. ಅಷ್ಟೇ ಅಂದ.

ಮಾರ್ಚ್ 13

ತಮ್ಮ ಬಂದ ದಿನದಿಂದ ಐಸಿಯು ನರ್ಸುಗಳಿಗೆ ಬಿಸಿ ಬನ್ನು. ಅವನದು ಬೇಕರಿ. ಮಾತಾಡಲು ಬಾರದವನು ಬ್ರೆಡ್ ಕೊಡುತ್ತಾನೆ. ನರ್ಸುಗಳಿಗೆ ಅವನೇ ಒಳ್ಳೆಯವನು, ಚಾರ್ಟ್ ತೋರಿಸಿ ಎಂದು ಪೀಡಿಸುವ ನಾನು ಕೆಟ್ಟವಳು. ಇರಲಿ. ಯಾರಾದರೂ ಚಾರ್ಟ್ ನೋಡಲೇಬೇಕಲ್ಲ.

ಅಪ್ಪನೂ ಅವನೂ ಇಪ್ಪತ್ತೊಂದು ವರ್ಷದಿಂದ ಅಳೆದು ತೂಗಿಯೇ ಮಾತು. ಕಾರಣ ತಕ್ಕಡಿ. ಅಪ್ಪ ನಿವೃತ್ತರಾಗುವ ವರ್ಷ, ಇವನು ಬೇಕರಿ ಶುರು ಮಾಡಿ ಇನ್ನೂ ಕಾಲೂರುತ್ತಿದ್ದ. ಆ ಬೀದಿಯ ತಪಾಸಣೆ ಬಂತು. ಬೇರೆಯವರಾಗಿದ್ದರೆ ಮಗನ ಅಂಗಡಿ ದಾಟಿ ಹೋಗುತ್ತಿದ್ದರು. ಅಪ್ಪ ಒಳಗೆ ಹೋದರು. ತಕ್ಕಡಿಯ ಮುದ್ರೆ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಅವನದು ಅವಧಿ ಮುಗಿದು ಒಂಬತ್ತು ದಿನವಾಗಿತ್ತು. ಗಿರಾಕಿಗಳ ಎದುರಿಗೇ ಜಪ್ತಿ. ಅಪ್ಪನ ಜೊತೆಗಿದ್ದು ಕೇಸ್ ಬರೆದವಳು ನಾನು. ಹೊಸ ಕೆಲಸ, ಹೊಸ ಪೆನ್ನು, ದುಂಡಾಗಿ ಬರೆದಿದ್ದೆ.

ಇವತ್ತು ಕಾರಿಡಾರಿನಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದೆವು. ಮಧ್ಯೆ ಬನ್ನಿನ ಪೊಟ್ಟಣ.

ಮಾರ್ಚ್ 17, ಬೆಳಿಗ್ಗೆ

ದೊಡ್ಡ ಡಾಕ್ಟರು ಕರೆದು ಕೂರಿಸಿಕೊಂಡರು. ಸ್ಕ್ಯಾನ್ ತೋರಿಸಿದರು. ಬೂದು ಇರಬೇಕಾದ ಕಡೆ ಅರ್ಧಕ್ಕರ್ಧ ಬಿಳಿ. ಎಚ್ಚರ ಆಗುವುದಿಲ್ಲ. ತಾವಾಗಿ ಉಸಿರಾಡುವುದೂ ಹೆಚ್ಚು ಹೊತ್ತು ಆಗದು. ಮೆಷಿನ್ ಇದ್ದರೆ ವಾರಗಳು, ತಿಂಗಳುಗಳು. ಸುತ್ತಿ ಬಳಸಿ ಹೇಳಲಿಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳಿದೆ. ತಮ್ಮ ಸ್ಕ್ಯಾನ್ ನೋಡಲೇ ಇಲ್ಲ, ಕಿಟಕಿ ನೋಡಿದ.

ಮೆಷಿನ್ ಬೇಡ ಎಂದು ಅಪ್ಪ ಬರೆದಿಟ್ಟ ಕಾಗದ ಇದೆ ಎಂದೆ. ಡಾಕ್ಟರ ಮುಖ ಸ್ವಲ್ಪ ಸಡಿಲವಾಯಿತು. ಕಾಗದ ಇದ್ದರೆ ದಾರಿ ಸುಲಭವಂತೆ. ಆಸ್ಪತ್ರೆಯ ಮೂವರು ಡಾಕ್ಟರು ಬರೆದುಕೊಡಬೇಕು. ಆಮೇಲೆ ಸರ್ಕಾರದ ಒಬ್ಬ ಡಾಕ್ಟರು ಬಂದು ತಾವೇ ನೋಡಿ, ಸರಿ ಎಂದು ಸಹಿ ಹಾಕಬೇಕು.

"ನಮ್ಮಪ್ಪನ ವಿಷಯಕ್ಕೆ ಸರ್ಕಾರ ಯಾಕೆ?" ಅಂದ ತಮ್ಮ. ಏಳು ದಿನದಲ್ಲಿ ಅವನ ಮೊದಲ ಪೂರ್ತಿ ವಾಕ್ಯ.

ಯಾಕೆ ಅಂದರೆ, ಅಂಗಡಿಯವನೇ ತನ್ನ ತಕ್ಕಡಿಗೆ ಮುದ್ರೆ ಒತ್ತಿಕೊಳ್ಳುವ ಹಾಗಿಲ್ಲ, ಅದಕ್ಕೆ. ಆಸ್ಪತ್ರೆಗೆ ಅದರದೇ ಲೆಕ್ಕಾಚಾರ, ಮನೆಯವರಿಗೆ ಅವರದೇ ಅಳು, ಅವರದೇ ಜಗಳ. ಹೊರಗಿನವರು ಒಬ್ಬರು ಬಂದು ಮುಳ್ಳು ನೋಡಬೇಕು. ಹೀಗೇ ಹೇಳಿದೆ. ಡಾಕ್ಟರು ತಲೆಯಾಡಿಸಿದರು. ತಮ್ಮ ಎದ್ದು ಹೋದ.

ಅಮ್ಮ ಹೋದಾಗ ಇದ್ಯಾವುದೂ ಇರಲಿಲ್ಲ. ಒಂಬತ್ತು ವರ್ಷವಾಯಿತು. ನಲವತ್ತೊಂದು ದಿನ ಮೆಷಿನ್ ಮೇಲೆ. ನಿಲ್ಲಿಸಿ ಎಂದು ಹೇಳುವ ಹಕ್ಕು ಯಾರಿಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಅಪ್ಪನ ಕಡೆ ನೋಡಿದರು, ಅಪ್ಪ ಮಾವಂದಿರ ಕಡೆ, ಮಾವಂದಿರು ಗೋಡೆ ಕಡೆ. ಅದೆಲ್ಲ ಮುಗಿದ ಮೇಲೆ ಅಪ್ಪ ಹೇಳಿದ್ದರು, ನನಗೆ ಹೀಗಾಗಬಾರದು, ನಾನು ಬರೆದಿಡುತ್ತೇನೆ ಎಂದು. ಹಾಗೆ ಬರೆದಿಡಲು ಕಾಯ್ದೆ ಬಂದ ಕೂಡಲೇ ಬರೆದರು. ಸಾಕ್ಷಿ ನಾನು ಮತ್ತು ಪಕ್ಕದ ಮನೆಯಲ್ಲಿದ್ದ ದಂತವೈದ್ಯರು. ಅವರು ಈಗ ಮನೆ ಬಿಟ್ಟು ಹೋಗಿದ್ದಾರೆ, ಸಹಿ ಇದ್ದೇ ಇದೆ.

ಮಧ್ಯಾಹ್ನ ಹೋಗಿ ತರುತ್ತೇನೆ. ಅಪ್ಪನ ವಿಷಯ, ಎಲ್ಲ ನೀಟಾಗಿರುತ್ತದೆ.

ಅದೇ ದಿನ, ಮಧ್ಯಾಹ್ನ 3

ಅಪ್ಪನ ಮನೆ. ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಕಬ್ಬಿಣದ ಪೆಟ್ಟಿಗೆಯಲ್ಲೇ ಇತ್ತು. ಹಿತ್ತಾಳೆಯ ತೂಕದ ಬಟ್ಟುಗಳ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲಿ. ಎರಡು ಪುಟ. ಅಪ್ಪನ ಮುದ್ದಾದ ಅಕ್ಷರ, ಆಫೀಸಿನ ಭಾಷೆ. "ನನಗೆ ಮರಳಿ ಎಚ್ಚರವಾಗುವುದಿಲ್ಲವೆಂದು ವೈದ್ಯರು ತೀರ್ಮಾನಿಸಿದ ಪಕ್ಷದಲ್ಲಿ ನನ್ನನ್ನು ಯಂತ್ರದ ಆಧಾರದಲ್ಲಿ ಇರಿಸತಕ್ಕದ್ದಲ್ಲ." ಓದುತ್ತಾ ನಗು ಬಂತು. ಸಾಯುವುದಕ್ಕೂ ತಕ್ಕದ್ದು.

ಕೊನೆಯ ಸಾಲು.

"ಈ ಪತ್ರವು ಸಹಿಯಾದ ದಿನದಿಂದ ಎರಡು ವರ್ಷಗಳ ಅವಧಿಗೆ ಮಾತ್ರ ಊರ್ಜಿತವಾಗಿರತಕ್ಕದ್ದು. ಸದರಿ ಅವಧಿಯೊಳಗೆ ಸಾಕ್ಷಿಗಳ ಸಮಕ್ಷಮ ಮರು ಪರಿಶೀಲಿಸಿ ಸಹಿ ಮಾಡತಕ್ಕದ್ದು."

ಯಾವ ಕಾಯ್ದೆಯೂ ಇದನ್ನು ಕೇಳುವುದಿಲ್ಲ. ಹೀಗೆ ಯಾರೂ ಬರೆಯುವುದಿಲ್ಲ. ತಕ್ಕಡಿಗೆ ಎರಡು ವರ್ಷ, ಬಟ್ಟಿಗೆ ಎರಡು ವರ್ಷ, ತನಗೂ ಎರಡು ವರ್ಷ. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿ ಬರೆದಿದೆ. ಅದರ ಕೆಳಗೆ ನನ್ನ ಸಹಿ. ಸಹಿ ಹಾಕುವ ಮುಂಚೆ ಓದ್ರಪ್ಪ ಎಂದು ಅಂಗಡಿಯವರಿಗೆ ದಿನಾ ಹೇಳುವವಳು ಓದದೆ ಸಹಿ ಹಾಕಿದ್ದೇನೆ.

ಅವಧಿ ಮುಗಿದದ್ದು ಫೆಬ್ರವರಿ 28. ಬಿದ್ದದ್ದು ಮಾರ್ಚ್ 11. ಹನ್ನೊಂದು ದಿನ.

ಪೆನ್ಶನ್ ಕಾಗದ ಆಗಿರಲಿಲ್ಲ ಅದು. ಕಾಗದಕ್ಕೇನು ಕಾಲಿದೆಯಾ ಅಂದಿದ್ದೆ. ಅಯ್ಯೋ ಅಪ್ಪಾ.

ಮಾರ್ಚ್ 18

ಜಿಲ್ಲಾ ಆರೋಗ್ಯ ಕಚೇರಿ. ಎರಡನೇ ಮಹಡಿ, ಹನ್ನೆರಡನೇ ಕೌಂಟರ್. ಗುಮಾಸ್ತೆ ನನ್ನ ವಯಸ್ಸಿನವರೇ, ಕನ್ನಡಕ ಹಣೆಗೇರಿಸಿ ಎರಡು ಪುಟವನ್ನೂ ಓದಿದರು. ಪೂರ್ತಿ ಓದಿದರು, ನನ್ನ ಹಾಗಲ್ಲ. ಕೊನೆಯ ಸಾಲಿಗೆ ಬೆರಳಿಟ್ಟರು.

ಕಾಯ್ದೆ ಅವಧಿ ಕೇಳುವುದಿಲ್ಲ, ಆದ್ದರಿಂದ ಆ ಸಾಲು ಲೆಕ್ಕಕ್ಕಿಲ್ಲ ಎಂದು ವಾದಿಸಿದೆ. ಕಾಯ್ದೆ ಕೇಳದಿದ್ದರೂ ಬರೆದವರು ಕೇಳಿದ್ದಾರಲ್ಲ ಎಂದರು. ಅವರ ಇಷ್ಟವನ್ನು ನಡೆಸಬೇಕು ಅನ್ನುವಿರಾದರೆ ಕೊನೆಯ ಸಾಲೂ ಅವರ ಇಷ್ಟವೇ. ಹನ್ನೊಂದೇ ದಿನ ಎಂದೆ. ಅವರು ಸುಮ್ಮನೆ ನನ್ನ ಐಡಿ ಕಾರ್ಡ್ ನೋಡಿದರು. ಕೊರಳಲ್ಲೇ ನೇತಾಡುತ್ತಿತ್ತು. ತೂಕ ಮತ್ತು ಅಳತೆ. ನನ್ನ ಕೌಂಟರಿಗೆ ಬಂದು ಹನ್ನೊಂದೇ ದಿನ ಅನ್ನುವವರಿಗೆ ನಾನು ಏನು ಹೇಳುತ್ತೇನೆ ಎಂದು ಇಬ್ಬರಿಗೂ ಗೊತ್ತಿತ್ತು.

ಒಳ್ಳೆಯ ಗುಮಾಸ್ತೆ. ಸಿಟ್ಟು ಬಂತು, ಆದರೂ ಒಳ್ಳೆಯ ಗುಮಾಸ್ತೆ.

ಇನ್ನೊಂದು ದಾರಿ ಹೇಳಿದರು. ಕಾಗದ ಇಲ್ಲ ಅಂತಲೇ ಇಟ್ಟುಕೊಳ್ಳಿ. ಮಕ್ಕಳೆಲ್ಲ ಒಪ್ಪಿ ಸಹಿ ಹಾಕಬೇಕು. ಸರ್ಕಾರದ ಡಾಕ್ಟರು ಬಂದು, ರೋಗಿಯ ಇಷ್ಟ ಏನಿತ್ತು ಎಂದು ವಿಚಾರಿಸಿ ಬರೆಯಬೇಕು. ಒಬ್ಬರು ಒಪ್ಪದಿದ್ದರೂ ಮೆಷಿನ್ ಮುಂದುವರಿಯುತ್ತದೆ. ನೀವೆಷ್ಟು ಜನ ಮಕ್ಕಳು ಎಂದು ಕೇಳಿದರು.

ಇಬ್ಬರು ಎಂದೆ. ಹಾಗಾದ್ರೆ ಸುಲಭ ಎಂದರು. ಅವರಿಗೇನು ಗೊತ್ತು.

ಮಾರ್ಚ್ 19

ಬೇಕರಿಗೇ ಹೋದೆ. ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು. ಮುಚ್ಚುಮರೆ ಮಾಡಲಿಲ್ಲ. ಅಪ್ಪ ಸಹಿಗೆ ಕರೆದರು, ನಾನು ಹೋಗಲಿಲ್ಲ, ಕಾಗದದ ಅವಧಿ ಮುಗಿದುಹೋಗಿದೆ, ತಪ್ಪು ನನ್ನದು, ಈಗ ನಿನ್ನ ಸಹಿ ಬೇಕು ಎಂದು ಹೇಳಿದೆ.

ಟ್ರೇ ಒರೆಸುತ್ತಾ ಇದ್ದ. ತಲೆ ಎತ್ತಲಿಲ್ಲ.

"ನನ್ನ ತಕ್ಕಡಿ ಒಂಬತ್ತು ದಿನ ಮೀರಿತ್ತು, ಅಕ್ಕ. ಅವತ್ತು ಅಪ್ಪ ಏನಂದ್ರು ನೆನಪಿದ್ಯಾ? ಅವಧಿ ಮುಗೀತು ಅಂದ್ರೆ ಮುಗೀತು, ಮಗನಾದ್ರೇನು, ಯಾರಾದ್ರೇನು. ನೀನೇ ಬರ್ಕೊಂಡೆ. ಇದು ಹನ್ನೊಂದು ದಿನ ಮೀರಿದೆ."

ಅಪ್ಪನ ಮಾತನ್ನೇ ಅಪ್ಪನಿಗೆ ತಿರುಗಿಸಿ ಹೊಡೆದ. ಅದು ತಕ್ಕಡಿ, ಇದು ಮನುಷ್ಯ ಎಂದೆ. ಅವತ್ತೂ ಅಂಗಡಿಯೊಳಗೆ ನಿಂತಿದ್ದವನು ಮನುಷ್ಯನೇ ಅಂದ.

ಆಮೇಲೆ ಅಮ್ಮನ ವಿಷಯ ತೆಗೆದ. ಮೂವತ್ತೆಂಟನೇ ದಿನ ಅಮ್ಮ ಕಣ್ಣು ಬಿಟ್ಟು ಅವನನ್ನು ನೋಡಿದಳಂತೆ. ಅವನೊಬ್ಬನೇ ಇದ್ದನಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಈ ಮಾತು ಕೇಳುತ್ತಿದ್ದೇನೆ. ಅದು ನೋಟವಲ್ಲ, ಹಾಗೆ ರೆಪ್ಪೆ ತೆರೆಯುವುದುಂಟು, ನರಗಳ ಕೆಲಸ ಎಂದು ಹೇಳಿದೆ. ಸರಿಯಾಗಿಯೇ ಹೇಳಿದೆ. ಹೇಳಬಾರದಾಗಿತ್ತು.

ಅವನ ಉತ್ತರ ಒಂದೇ. ಮೂವತ್ತೇಳನೇ ದಿನ ನಿಲ್ಲಿಸಿದ್ದರೆ ಆ ನೋಟ ಅವನಿಗೆ ಸಿಗುತ್ತಿರಲಿಲ್ಲ. ಸಹಿ ಹಾಕುವುದಿಲ್ಲ.

ಹೊರಡುವಾಗ ಒಂದು ಬ್ರೆಡ್ ಕಟ್ಟಿಕೊಟ್ಟ. ತೂಗಿ ಕೊಟ್ಟ.

ಮಾರ್ಚ್ 22

ಅಪ್ಪನ ಉಗುರು ಕತ್ತರಿಸಿದೆ. ಎಡಗೈಯ ತೋರುಬೆರಳಿಗೆ ಮುದ್ರೆಯ ಸುತ್ತಿಗೆ ಬಿದ್ದ ಹಳೇ ಕಲೆ, ಉಗುರು ಎರಡಾಗಿ ಬೆಳೆಯುತ್ತದೆ. ಅದನ್ನು ಹೇಗೆ ಕತ್ತರಿಸಬೇಕು ಎಂದು ಅಮ್ಮನಿಗೆ ಮಾತ್ರ ಗೊತ್ತಿತ್ತು. ಈಗ ನನಗೂ ಗೊತ್ತಾಯಿತು.

ಗಂಟಲಿನ ಕಫ ತೆಗೆಯುವಾಗ ಮೈಯೆಲ್ಲ ಅದುರುತ್ತದೆ. ನೋವು ಗೊತ್ತಾಗುವುದಿಲ್ಲ ಎನ್ನುತ್ತಾರೆ. ದಿನಕ್ಕೆ ಆರು ಸಲ.

ತಮ್ಮ ಬೆಳಿಗ್ಗೆ ಬಂದು ಹೋಗುತ್ತಾನೆ, ನಾನು ಮಧ್ಯಾಹ್ನ. ನಮ್ಮ ಪಾಳಿ ನೋಡಿ ನರ್ಸುಗಳಿಗೆ ಎಲ್ಲ ಅರ್ಥವಾಗಿದೆ.

ಮಾರ್ಚ್ 24, ಮಧ್ಯಾಹ್ನ 2

ಇವತ್ತಿನದನ್ನು ಬಿಡದೆ ಬರೆಯಬೇಕು.

ಸರ್ಕಾರದ ಡಾಕ್ಟರು ಹನ್ನೊಂದಕ್ಕೆ ಎಂದಿದ್ದರು. ಹತ್ತೂವರೆಗೇ ಬಂದರು, ಹೇಳದೆ ಕೇಳದೆ. ಅಲ್ಲೇ ಅರ್ಧ ಮಾರ್ಕು ಕೊಟ್ಟೆ. ಹೇಳಿದ ಹೊತ್ತಿಗೆ ಹೋಗುವ ಇನ್‌ಸ್ಪೆಕ್ಟರಿಗೆ ಎಲ್ಲ ತಕ್ಕಡಿಯೂ ಸರಿಯಾಗಿಯೇ ಸಿಗುತ್ತದೆ. ಕುಳ್ಳಗಿನ ಹೆಂಗಸು, ಐವತ್ತರ ಆಸುಪಾಸು, ಬಟ್ಟೆ ಚೀಲ, ನೀರಿನ ಬಾಟಲಿ. ಆಸ್ಪತ್ರೆಯವರು ತಂದ ಕಾಫಿ ಮುಟ್ಟಲಿಲ್ಲ. ಉಳಿದರ್ಧ ಮಾರ್ಕನ್ನೂ ಕೊಟ್ಟೆ.

ಮೊದಲು ಫೈಲ್ ನೋಡಲಿಲ್ಲ. ನೇರ ಅಪ್ಪನ ಹತ್ತಿರ ಹೋದರು. ಅವರ ಹೆಸರು ಹಿಡಿದು ಕರೆದರು, ಮೂರು ಸಲ, ಜೋರಾಗಿ. ಕಣ್ಣಿಗೆ ಟಾರ್ಚು. ಹುಬ್ಬಿನ ಮೂಳೆ ಒತ್ತಿದರು. ಪ್ರತಿಯೊಂದನ್ನೂ ಮಾಡುವಾಗ ಕೈ ಖಾಲಿ, ಮುಗಿದ ಮೇಲೆ ಬರೆದುಕೊಂಡರು. ಅಪ್ಪ ಇವರನ್ನು ನೋಡಬೇಕಾಗಿತ್ತು.

ಆಮೇಲೆ ಪಕ್ಕದ ಸಣ್ಣ ಕೋಣೆ. ನಾನು, ತಮ್ಮ, ಅವರು. ಬೇರೆ ಬೇರೆ ಕೇಳುತ್ತಾರೆ ಎಂದುಕೊಂಡಿದ್ದೆ. ಬೇರೆ ಬೇರೆ ಕೇಳಿದರೆ ಎರಡು ಕಥೆ ಬರುತ್ತೆ, ಒಟ್ಟಿಗೇ ಕೂತ್ಕೊಳ್ಳಿ ಎಂದರು. ಕಾಗದ ಓದಿದರು. ಕೊನೆಯ ಸಾಲು ಓದುವಾಗ ಅವರ ತುಟಿ ಸ್ವಲ್ಪ ಅಲ್ಲಾಡಿತು. ನಗು ಇರಬಹುದು. ಅಪ್ಪನ ಕೆಲಸ ಏನಿತ್ತು ಎಂದು ಕೇಳಿದರು. ಹೇಳಿದೆ. ಹ್ಞೂಂ ಎಂದರು.

ನಾನು ತಯಾರಾಗಿ ಹೋಗಿದ್ದೆ. ನಾಲ್ಕು ಕಾರಣ, ಅಮ್ಮನ ನಲವತ್ತೊಂದು ದಿನ, ಎಲ್ಲ ಬರೆದುಕೊಂಡು. ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದರು.

"ನಿಮಗೇನು ಬೇಕು ಅಂತ ನಾನು ಕೇಳ್ತಾ ಇಲ್ಲ. ಅದನ್ನ ಬರ್ಕೊಳ್ಳೋಕೆ ನನ್ನ ಫಾರಂನಲ್ಲಿ ಜಾಗಾನೂ ಇಲ್ಲ. ಅವರು ನಿಮ್ಮ ಹತ್ರ ಕೊನೇದಾಗಿ ಏನು ಕೇಳಿದ್ರು, ಅದನ್ನ ಹೇಳಿ."

ಒಂದು ಸಹಿ ಕೇಳಿದರು ಎಂದೆ. ಫೆಬ್ರವರಿ 24ಕ್ಕೆ. 27ಕ್ಕೆ ಮತ್ತೆ ಫೋನ್ ಮಾಡಿದ್ದರು. ಯಾವ ಕಾಗದ ಎಂದು ಕೇಳಿದಿರಾ ಎಂದರು. ಇಲ್ಲ. ಈ ಕಾಗದವೇ ಎಂದು ಅವರು ಬಾಯಿಬಿಟ್ಟು ಹೇಳಿದರಾ? ಇಲ್ಲ. ಹಾಗಾದರೆ ಅದು ನಿಮ್ಮ ಊಹೆ ಎಂದರು, ಮೆತ್ತಗೆ. ಹೌದು. ನಾನೂ ಒಪ್ಪುತ್ತಿರಲಿಲ್ಲ ಅಂಥ ಸಾಕ್ಷಿಯನ್ನು. ಪೆನ್ಶನ್ ಕಾಗದವೇ ಆಗಿದ್ದಿರಬಹುದು. ಕೆಲಸ ಕೆಟ್ಟಿತು ಎಂದುಕೊಂಡೆ.

ತಮ್ಮನ ಕಡೆ ತಿರುಗಿದರು. ಅವನು ತನ್ನ ಅಂಗೈ ನೋಡುತ್ತಾ ಕೂತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಇರುವ ಹಿಟ್ಟು. ಡಾಕ್ಟರು ಪೆನ್ನು ಮೇಜಿನ ಮೇಲಿಟ್ಟು ಕಾದರು. ಅವನು ಏನೂ ಹೇಳದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನೇ ಗೆಲ್ಲುತ್ತಿದ್ದ. ಏನೂ ಕೇಳಲಿಲ್ಲ ಅಂದಿದ್ದರೂ ನಂಬುತ್ತಿದ್ದೆವು.

"ನನ್ನ ಹತ್ರಾನೂ ಅದೇ ಕೇಳಿದ್ರು" ಅಂದ.

ನಾನು ಅವನ ಕಡೆ ತಿರುಗಿದ್ದೂ ನನಗೆ ಗೊತ್ತಾಗಲಿಲ್ಲ.

ಫೆಬ್ರವರಿ 28. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ. ಎರಡು ಬಸ್ ಬದಲಾಯಿಸಿ ಬಂದಿದ್ದರಂತೆ. ಕವರಿನಿಂದ ಈ ಎರಡು ಪುಟ ತೆಗೆದು, ಇವನಿಗೆ ಜೋರಾಗಿ ಓದಿ ಹೇಳಿದರಂತೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಇವತ್ತೇ ಕಡೇ ದಿನ, ನೀನು ಸಾಕ್ಷಿ ಹಾಕು, ನಿಮ್ಮಕ್ಕ ಆಮೇಲೆ ಹಾಕುತ್ತಾಳೆ ಎಂದರಂತೆ.

"ಕೈಯೆಲ್ಲ ಹಿಟ್ಟಾಗಿದೆ ಅಂದೆ. ಕಾಯ್ತೀನಿ ಅಂದ್ರು. ಮುಕ್ಕಾಲು ಗಂಟೆ ಸ್ಟೂಲ್ ಮೇಲೆ ಕೂತಿದ್ರು. ನಾನು ನಾದಿದ್ದನ್ನೇ ನಾದ್ತಾ ಇದ್ದೆ, ಡಾಕ್ಟರೇ. ಹಿಟ್ಟು ಹಾಳಾಯ್ತು, ಆ ಬ್ಯಾಚ್ ಪೂರ್ತಿ ಬಿಸಾಕಿದೆ. ಸಹಿ ಹಾಕಿದ್ರೆ ಅವರನ್ನ ನಾನೇ ಕಳಿಸಿಕೊಟ್ಟ ಹಾಗೆ ಅನ್ನಿಸ್ತು. ಆಮೇಲೆ ಅವರೇ ಎದ್ದು, ಬ್ರೆಡ್ ಚೆನ್ನಾಗಿ ಉಬ್ಬಿದೆ ಕಣೋ ಅಂತ ಹೇಳಿ ಹೋದ್ರು."

ಇಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ.

ಡಾಕ್ಟರು ತಾರೀಖನ್ನು ಇನ್ನೊಮ್ಮೆ ಕೇಳಿದರು. ಇಪ್ಪತ್ತೆಂಟೇ ಎಂದು ಹೇಗೆ ಗೊತ್ತು? ಅಪ್ಪ ಎರಡು ಸಲ ತಾರೀಖು ಹೇಳಿದರಂತೆ, ಎಂದಿನಂತೆ. ಪೆನ್ನು ಎತ್ತಿಕೊಂಡರು. ಬರೆದರು. ಬರೆದದ್ದನ್ನು ನಮಗೆ ಓದಿ ಹೇಳಿದರು.

"ಅವಧಿ ಮುಗಿಯುವ ದಿನವೇ ರೋಗಿ ಸ್ವತಃ ಪ್ರಯಾಣ ಮಾಡಿ, ಪತ್ರವನ್ನು ಪೂರ್ತಿ ಓದಿ ಹೇಳಿ, ಮರು ಸಹಿಗೆ ಕೇಳಿಕೊಂಡಿದ್ದಾರೆ. ಆ ದಿನದವರೆಗೆ ಅವರ ಇಷ್ಟ ಬದಲಾಗಿರಲಿಲ್ಲ." ಆಮೇಲೆ ಪುಸ್ತಕದ ಭಾಷೆ ಬಿಟ್ಟು ತಮ್ಮನಿಗೆ ಹೇಳಿದರು, "ಇದನ್ನ ಹೇಳಿದವರು ನೀವೊಬ್ರೇ. ಇನ್ಯಾರಿಗೂ ಗೊತ್ತಿರಲಿಲ್ಲ."

ಒಪ್ಪಿಗೆ ಸಹಿ ನಾಳೆಯೊಳಗೆ ಇಬ್ಬರದೂ ಬೇಕು, ಬಲವಂತ ಇಲ್ಲ, ಹಾಕದಿದ್ದರೂ ನಾನು ನೋಡಿದ್ದನ್ನೇ ಬರೆಯುತ್ತೇನೆ ಎಂದು ಹೇಳಿ ಹೊರಟರು. ಕಾಫಿ ಆರಿಹೋಗಿತ್ತು.

ಅದೇ ದಿನ, ಸಂಜೆ 6

ಮೊದಲು ಸಿಟ್ಟು ಬಂತು, ಅದನ್ನೂ ಬರೆಯಬೇಕು. ಕೆಂಡದಂಥ ಸಿಟ್ಟು. ತಪ್ಪು ನನ್ನದು ಎಂದು ಅವನ ಅಂಗಡಿಯಲ್ಲೇ ನಿಂತು ಹೇಳಿದ್ದೆ. ಐದು ದಿನ ಅದನ್ನು ನಾನೊಬ್ಬಳೇ ಹೊತ್ತು ತಿರುಗಿದೆ. ಇವನು ಟ್ರೇ ಒರೆಸುತ್ತಾ ಹನ್ನೊಂದು ದಿನದ ಲೆಕ್ಕ ಹೇಳಿದ.

ಕಾರಿಡಾರಿನ ಬೆಂಚಿಗೆ ಹೋದೆ, ಬೈಯಬೇಕೆಂದೇ. ಅವನು ಮಧ್ಯಕ್ಕೆ ಸರಿದು ಕೂತಿದ್ದ. ಪಕ್ಕದಲ್ಲಿ ಕೂತೆ. ಬೈಗುಳ ಬರಲಿಲ್ಲ. ನಾನು ಸೋಮಾರಿತನಕ್ಕೆ ಸಹಿ ಹಾಕಲಿಲ್ಲ, ಇವನು ಅಪ್ಪ ಬೇಕು ಎಂದು ಹಾಕಲಿಲ್ಲ. ತೂಗಿ ನೋಡಿದರೆ ಯಾರದು ಭಾರ?

ತಕ್ಕಡಿಯ ಉಳಿದ ಕಥೆಯನ್ನು ಅವನೇ ಹೇಳಿದ. ನನಗೆ ಗೊತ್ತಿದ್ದದ್ದು ಜಪ್ತಿಯವರೆಗೆ ಮಾತ್ರ. ಒಂದು ವಾರದ ಮೇಲೆ ಅಪ್ಪ ಆ ತಕ್ಕಡಿಯನ್ನು ಹೆಗಲ ಮೇಲೆ ಹೊತ್ತು ತಂದರಂತೆ, ಇಪ್ಪತ್ತು ಕಿಲೋ. ಪೂರ್ತಿ ಪರೀಕ್ಷೆ ಮಾಡಿ ಹೊಸ ಮುದ್ರೆ ಒತ್ತಿದ್ದರು. ತಾವೇ ಕೌಂಟರಿನ ಮೇಲಿಟ್ಟು, ಮಟ್ಟ ನೋಡಿ, ಹೇಳಿದರಂತೆ.

"ಒಂದು ಗ್ರಾಂ ಕೂಡ ತಪ್ಪಿರಲಿಲ್ಲ ಕಣೋ ನಿನ್ನ ತಕ್ಕಡಿ. ಮುದ್ರೆಯ ಅವಧಿ ಮುಗಿದಿತ್ತು ಅಷ್ಟೆ."

ಇದನ್ನು ಅವನು ಇಪ್ಪತ್ತೊಂದು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪನ ಮೇಲಿನ ಕೋಪಕ್ಕೆ ಕಾರಣ ಉಳಿಯುತ್ತಿರಲಿಲ್ಲವಂತೆ. ಹಾಗೆಂದು ತಾನೇ ಹೇಳಿ ತಾನೇ ನಕ್ಕ. ಆಮೇಲೆ ಅತ್ತ. ನಾನೂ ಅತ್ತೆ. ಬನ್ನಿನ ಪೊಟ್ಟಣದ ಕಾಗದದಲ್ಲೇ ಇಬ್ಬರೂ ಮೂಗು ಒರೆಸಿಕೊಂಡೆವು.

ಅಮ್ಮನ ಕಣ್ಣಿನ ಬಗ್ಗೆ ನಾನು ಹೇಳಿದ ಮಾತಿಗೆ ಕ್ಷಮೆ ಕೇಳಿದೆ. ಅಲ್ಲಿ ಇದ್ದವನು ಅವನು. ನೋಡಿದವನೂ ಅವನೇ. ಕ್ಷಮೆ ಕೇಳುವುದು ನನಗೆ ಬಾರದ ಕೆಲಸ, ಆದರೂ ಕೇಳಿದೆ.

ಮಾರ್ಚ್ 25

ಬೆಳಿಗ್ಗೆ ಹತ್ತಕ್ಕೆ ಸಹಿ. ತಮ್ಮ ಮೊದಲು ಹಾಕಿದ. ಬರುವ ಮುಂಚೆ ಉಗುರಿನ ಹಿಟ್ಟನ್ನು ಬ್ರಷ್ ಹಾಕಿ ತಿಕ್ಕಿ ತೊಳೆದು ಬಂದಿದ್ದ, ಬೆರಳ ತುದಿ ಕೆಂಪಾಗಿತ್ತು. ನಾನು ನಾಲ್ಕು ಪುಟವನ್ನೂ ಓದಿ ಹಾಕಿದೆ. ಆಸ್ಪತ್ರೆಯವರು ಗಡಿಯಾರ ನೋಡಿದರು, ನೋಡಲಿ.

ಮಧ್ಯಾಹ್ನ ಹನ್ನೆರಡನೇ ಕೌಂಟರಿಗೆ ನಾನೇ ಪ್ರತಿ ಕೊಟ್ಟು ಬಂದೆ. ಗುಮಾಸ್ತೆ ಸ್ವೀಕೃತಿ ಮುದ್ರೆ ಒತ್ತಿದರು, ನೇರವಾಗಿ, ಅಂಚಿಗೆ ಸಮನಾಗಿ. ನಿಮ್ಮ ತಂದೆಯವರ ಅಕ್ಷರ ತುಂಬ ಚೆನ್ನಾಗಿದೆ ಎಂದರು. ಅವರೆದುರು ಕಣ್ಣೀರು ತೋರಿಸಬಾರದೆಂದು ಸ್ಟೇಪ್ಲರ್ ಕೇಳಿದೆ. ಸ್ಟೇಪಲ್ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನಮ್ಮನೆ ವಿಷಯಕ್ಕೆ ಸರ್ಕಾರ ಯಾಕೆ ಎಂದು ತಮ್ಮ ಈಗ ಕೇಳುವುದಿಲ್ಲ. ಆದರೆ ಒಂದು ಮಾತು ಹೇಳಿದ. ಆ ಎರಡು ವರ್ಷದ ಸಾಲನ್ನು ಅಪ್ಪ ಬೇಕೆಂದೇ ಬರೆದಿದ್ದಾರಂತೆ. ಎರಡು ವರ್ಷಕ್ಕೊಮ್ಮೆಯಾದರೂ ನಾವಿಬ್ಬರೂ ಅವರೆದುರು ಒಟ್ಟಿಗೆ ಕೂರಲಿ ಎಂದು. ಅಪ್ಪ ಅಷ್ಟೆಲ್ಲ ಯೋಚಿಸುವ ಮನುಷ್ಯ ಅಲ್ಲ, ಅದು ಬರೀ ಅಭ್ಯಾಸ ಬಲ ಎಂದೆ. ನಿನಗೆ ಅವರು ಆಫೀಸಿನಲ್ಲಿ ಮಾತ್ರ ಗೊತ್ತು ಅಂದ. ಸಾಯಂಕಾಲದಿಂದ ಅದೇ ತಲೆಯಲ್ಲಿ ಕೂತಿದೆ.

ಕನ್ನಡಕದ ಗಾಜು ಹಾಕಿಸಿ ತಂದೆ.

ಮಾರ್ಚ್ 26, ಬೆಳಿಗ್ಗೆ 10:20

ಒಳಗೆ ಬಿಟ್ಟಿದ್ದಾರೆ. ಕಿಟಕಿ ಪರದೆ ಪೂರ್ತಿ ಸರಿಸಿದೆ. ಅಪ್ಪನಿಗೆ ಕತ್ತಲೆ ಕೋಣೆ ಆಗುವುದಿಲ್ಲ, ಮುಳ್ಳು ಕಾಣಬೇಕಲ್ಲ.

ತಮ್ಮ ಕನ್ನಡಕ ಹಾಕಿದ. ಟೇಪಿನ ಮೇಲೆ, ಟ್ಯೂಬಿನ ಮೇಲೆ, ಮೂಗಿಗೆ ಕೂರಿಸಲು ಎರಡು ಸಲ ಪ್ರಯತ್ನ ಪಟ್ಟ. ಈಗ ನಮ್ಮಪ್ಪನ ಹಾಗೆ ಕಾಣುತ್ತಾರೆ. ಹದಿನೈದು ದಿನದಿಂದ ಯಾರದೋ ಮುಖ ನೋಡುತ್ತಿದ್ದೆವು.

ನೋವಾಗದಂತೆ ಔಷಧಿ ಕೊಟ್ಟಾಯಿತು. ಟ್ಯೂಬ್ ತೆಗೆದ ಮೇಲೆ ಹತ್ತು ನಿಮಿಷ ಇರಬಹುದು, ಎರಡು ಗಂಟೆ ಇರಬಹುದು, ಹೇಳಲಾಗುವುದಿಲ್ಲ ಎಂದರು. ಹೆದರಿಕೆ ಇಲ್ಲ ನನಗೆ. ಇದು ಸರಿ. ಅವರು ಹೇಳಿದ್ದು ಇದನ್ನೇ, ಓದಿ ಹೇಳಿದ್ದೂ ಇದನ್ನೇ. ಸರಿ ಎಂದು ಗೊತ್ತಿದ್ದರೂ ಡಾಕ್ಟರು ಇನ್ನೂ ತಡವಾಗಿ ಬರಲಿ ಅನ್ನಿಸುತ್ತದೆ. ಎರಡೂ ನಿಜ.

10:50

ಡಾಕ್ಟರು ಬಂದರು. ಟ್ಯೂಬ್ ತೆಗೆದರು. ತಾವಾಗಿಯೇ ಉಸಿರಾಡುತ್ತಿದ್ದಾರೆ, ಸಣ್ಣಗೆ. ಫಾರಂನಲ್ಲಿ ಸಮಯದ ಕಾಲಂ ಇದೆ, ನಾನು ಬರೆದುಕೊಳ್ಳುತ್ತೇನೆ ಎಂದೆ. ಅದು ನಮ್ಮ ಕೆಲಸ ಅಮ್ಮ, ನೀವು ಹತ್ತಿರ ಹೋಗಿ ಎಂದು ನರ್ಸ್ ಹೇಳಿದರು. ಆದರೂ ಇಲ್ಲಿ ಬರೆಯುತ್ತಾ ನಿಂತಿದ್ದೇನೆ.

ತಮ್ಮ ಆ ಕಡೆ ಕೂತಾಗಿದೆ. ಎಡಗೈ ಅವನ ಕೈಯಲ್ಲಿ, ಎರಡಾಗಿ ಬೆಳೆಯುವ ಉಗುರಿನ ಮೇಲೆ ಅವನ ಹೆಬ್ಬೆರಳು. ಬಲಗೈ ನನಗೆ ಬಿಟ್ಟಿದ್ದಾನೆ. ಅದು ಹಾಸಿಗೆಯ ಮೇಲೆ ಅಂಗಾತ ಬಿದ್ದಿದೆ. ತಮ್ಮ ತಲೆ ಎತ್ತಿ ನನ್ನ ಕಡೆ ನೋಡಿದ. ಈ ಪುಸ್ತಕದ ಕಡೆ ನೋಡಿದ.

"ಅಕ್ಕ, ಪೆನ್ನು" ಅಂದ.

ಹೌದಪ್ಪಾ. ಇಡ್ತಾ ಇದ್ದೀನಿ. ಮುಳ್ಳು ಇನ್ನೂ